ಜೈಲಿನ ಗೋಪುರದಿಂದ ಕೇಕ್ ಮಳೆ: ಫಿಲಡೆಲ್ಫಿಯಾದಲ್ಲಿ ಬ್ಯಾಸ್ಟಿಲ್ ಹಬ್ಬ

ಜುಲೈ 14 ಫ್ರಾನ್ಸಿನ ರಾಷ್ಟ್ರೀಯ ದಿನ. 1789ರಲ್ಲಿ ಅವತ್ತು ಪ್ಯಾರಿಸ್ಸಿನ ಜನ ಸೆರೆಮನೆಯಾಗಿದ್ದ ಬ್ಯಾಸ್ಟಿಲ್ ಕೋಟೆಗೆ ನುಗ್ಗಿದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ ಅಂತ ಒಂದು ಹಳೇ ಜೈಲಿದೆ. ಈಗ ಅದು ಮ್ಯೂಸಿಯಂ. 1990ರ ದಶಕದಿಂದ ಪ್ರತಿ ಬೇಸಿಗೆಯಲ್ಲೂ ಅದರ ಮುಂದಿನ ಬೀದಿಯಲ್ಲಿ ಬ್ಯಾಸ್ಟಿಲ್ ದಿನದ ಹಬ್ಬ ನಡೆಯುತ್ತಿತ್ತು. ಹಾಡು, ನಾಟಕ, ತೋಪು, ತಲೆ ಕತ್ತರಿಸುವ ಗಿಲೊಟಿನ್ ಯಂತ್ರ ಎಲ್ಲ ಇರುತ್ತಿತ್ತು. 2018ರದ್ದೇ ಕೊನೆಯ ಹಬ್ಬ ಅಂತ ಪ್ರಕಟಣೆ ಬಂದಾಗ ನಾವು ಹೊರಡಲೇಬೇಕು ಅಂದುಕೊಂಡೆವು. ಆಗ ಅಮ್ಮ ಹಾಸನದಿಂದ ಬಂದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮ ಜೊತೆ ಇದ್ದರು. ಆ ಸಲ 14ನೇ ತಾರೀಖು ಶನಿವಾರವೇ ಬಿದ್ದಿತ್ತು.

ಶುಕ್ರವಾರ

ಬೆಳಗ್ಗೆ ಬೇಗ ಹೊರಟೆವು. ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರಿ ತುಂಬ ಲಾರಿಗಳು. ಹಿಂದಿನ ಸೀಟಿನಲ್ಲಿ ಅಮ್ಮ, ಮಗಳು ಪುಟ್ಟಿ, ಅವರಿಬ್ಬರ ಮಧ್ಯೆ ಚಪಾತಿ, ಚಟ್ನಿಪುಡಿ, ಮೊಸರಿನ ಡಬ್ಬಿ. "ಅಳಿಯಂದ್ರೇ, ಊಟಕ್ಕೆ ನೆರಳಿರೋ ಕಡೆ ನಿಲ್ಲಿಸಿ" ಅಂತ ಅಮ್ಮ ಹೊರಡುವಾಗಲೇ ಹೇಳಿದ್ದರು. ಮರದಡಿ ಬೆಂಚು ಇದ್ದ ಒಂದು ತಂಗುದಾಣದಲ್ಲಿ ನಿಲ್ಲಿಸಿ ಅಲ್ಲೇ ತಿಂದೆವು. ಒಂಬತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಗಾಳಿಯಲ್ಲಿ ಮಂಗಳೂರಿನ ಮೇ ತಿಂಗಳ ಅಂಟು.

ಊರಿನ ಒಳಗೆ ಹೋಗಲು ಬೇರೆ ಸೇತುವೆಗಳಿವೆ. ನಾವು ಬೇಕೆಂದೇ ಬೆಂಜಮಿನ್ ಫ್ರಾಂಕ್ಲಿನ್ ಸೇತುವೆ ಹಿಡಿದೆವು. ಡೆಲವೇರ್ ನದಿಯ ಮೇಲೆ ನೀಲಿ ಬಣ್ಣದ ತೂಗುಸೇತುವೆ ಅದು. 1926ರಲ್ಲಿ ತೆರೆದಾಗ ಜಗತ್ತಿನ ಅತಿ ಉದ್ದದ ತೂಗುಸೇತುವೆ ಅದೇ ಆಗಿತ್ತು. ಅದರ ವಾಸ್ತುಶಿಲ್ಪಿ ಪಾಲ್ ಕ್ರೆ ಹುಟ್ಟಿದ್ದು ಫ್ರಾನ್ಸಿನ ಲಿಯಾನ್‌ನಲ್ಲಿ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಬಂದವರು ಈ ಊರಿನಲ್ಲೇ ಬೇರೂರಿದರು. ನ್ಯೂಜೆರ್ಸಿಯಿಂದ ಊರೊಳಗೆ ಹೋಗುವಾಗ ಸುಂಕ ಕೊಡಬೇಕು, 2018ರಲ್ಲಿ ಅದು ಐದು ಡಾಲರ್ ಇತ್ತು, ವಾಪಸ್ ಬರುವಾಗ ಇಲ್ಲ.

ಕಾರನ್ನು ಹೋಟೆಲಿನಲ್ಲೇ ಬಿಟ್ಟು ಪಾರ್ಕ್‌ವೇಗೆ ನಡೆದೆವು. ಫಿಲಡೆಲ್ಫಿಯಾಕ್ಕೆ ಹೋಗುವವರು ಈ ರಸ್ತೆಯನ್ನು ಕಾರಿನಲ್ಲಿ ದಾಟಿಬಿಡಬಾರದು. ಸಿಟಿ ಹಾಲ್‌ನಿಂದ ಕಲಾ ಮ್ಯೂಸಿಯಂವರೆಗೆ ಓರೆಯಾಗಿ ಹೋಗುವ ಅಗಲ ರಸ್ತೆ. 1917ರಲ್ಲಿ ಇದಕ್ಕೆ ಈಗಿನ ರೂಪದ ನಕ್ಷೆ ಕೊಟ್ಟವರು ಜಾಕ್ ಗ್ರೆಬೆ ಎಂಬ ಫ್ರೆಂಚ್ ವಿನ್ಯಾಸಕಾರ. ಅವರ ಕಣ್ಣ ಮುಂದೆ ಇದ್ದದ್ದು ಪ್ಯಾರಿಸ್ಸಿನ ಶಾಂಜ್ ಎಲಿಜೆ. ದಾರಿಯಲ್ಲಿ ಅಕ್ಕಪಕ್ಕ ಎರಡು ಕಂಬಸಾಲಿನ ಕಟ್ಟಡಗಳು ಬರುತ್ತವೆ, ಸಾರ್ವಜನಿಕ ಗ್ರಂಥಾಲಯ ಮತ್ತು ಹಳೇ ಕೌಟುಂಬಿಕ ನ್ಯಾಯಾಲಯ. ಪ್ಯಾರಿಸ್ಸಿನ ಪ್ಲಾಸ್ ದ ಲಾ ಕಾಂಕಾರ್ಡ್‌ನ ಜೋಡಿ ಕಟ್ಟಡಗಳನ್ನು ನೋಡಿ ಕಟ್ಟಿದ್ದು ಅವು. ರಸ್ತೆಯುದ್ದಕ್ಕೂ ದೇಶದೇಶಗಳ ಬಾವುಟಗಳು. ಪುಟ್ಟಿ ನಮ್ಮ ಬಾವುಟ ಹುಡುಕುತ್ತಾ ಓಡಿದಳು. ಸಿಕ್ಕಿದಾಗ ಅವಳ ಅಜ್ಜಿಗೆ ಜಾಸ್ತಿ ಖುಷಿ.

ಮಧ್ಯಾಹ್ನ ಬಾರ್ನ್ಸ್ ಫೌಂಡೇಶನ್ ಎಂಬ ಚಿತ್ರಗಳ ಮ್ಯೂಸಿಯಂ. ಒಳಗೆ ಎಸಿ ಎಷ್ಟು ಜೋರು ಎಂದರೆ ಅಮ್ಮ ಶಾಲು ಹೊದ್ದುಕೊಂಡೇ ಕೂತರು. ಹೊರಗೆ ಎಂಥ ಸೆಕೆ ಇದ್ದರೂ ಇಲ್ಲಿಗೆ ಒಂದು ಸ್ವೆಟರ್ ಇಟ್ಟುಕೊಂಡೇ ಹೋಗಬೇಕು.

ಆಲ್ಬರ್ಟ್ ಬಾರ್ನ್ಸ್ ಇದೇ ಊರಿನ ಬಡ ಮನೆಯ ಹುಡುಗ. ಓದಿ ಡಾಕ್ಟರ್ ಆದವರು ಆರ್ಜಿರಾಲ್ ಎಂಬ ಬೆಳ್ಳಿಯ ಔಷಧಿ ಮಾಡಿಸಿ ಮಾರಿ ಶ್ರೀಮಂತರಾದರು. ಹುಟ್ಟಿದ ಮಕ್ಕಳ ಕಣ್ಣಿಗೆ ಸೋಂಕು ತಗುಲದಿರಲಿ ಅಂತ ಹಾಕುತ್ತಿದ್ದ ಹನಿ ಅದು. ಆ ದುಡ್ಡಿನಲ್ಲಿ ಫ್ರೆಂಚ್ ಚಿತ್ರಗಳನ್ನು ಕೊಳ್ಳುತ್ತಾ ಹೋದರು. ರೆನ್ವಾರ್ ಬರೆದವು 181, ಸೆಜಾನ್ ಬರೆದವು 69, ಮತಿಸ್ ಬರೆದವು 59. ಅವರ ಕಾರ್ಖಾನೆಯ ಕೆಲಸಗಾರರು ಕೆಲಸದ ನಡುವೆ ಈ ಚಿತ್ರಗಳ ಮುಂದೆ ಕೂತು ಚರ್ಚೆ ಮಾಡುತ್ತಿದ್ದರು. 1923ರಲ್ಲಿ ಊರಿನವರಿಗೆ ತೋರಿಸಿದಾಗ ಪತ್ರಿಕೆಗಳು ಹೀಯಾಳಿಸಿದವು. ಬಾರ್ನ್ಸ್ ಅದನ್ನು ಕೊನೆತನಕ ಮರೆಯಲಿಲ್ಲ. ಊರಾಚೆ ಮೆರಿಯನ್ ಎಂಬಲ್ಲಿ ಪಾಲ್ ಕ್ರೆ ಅವರಿಂದಲೇ ಮನೆ ಕಟ್ಟಿಸಿ ಎಲ್ಲವನ್ನೂ ಅಲ್ಲಿಟ್ಟರು. ಯಾವ ಚಿತ್ರವನ್ನೂ ಜಾಗ ಬದಲಿಸಬಾರದು ಅಂತ ಷರತ್ತನ್ನೂ ಬರೆದಿಟ್ಟರು. ದೊಡ್ಡ ಜಗಳ, ಕೋರ್ಟು ಎಲ್ಲ ಆದ ಮೇಲೆ 2012ರಲ್ಲಿ ಸಂಗ್ರಹ ಈ ಹೊಸ ಕಟ್ಟಡಕ್ಕೆ ಬಂತು. ಕೋಣೆಗಳ ಅಳತೆ, ಚಿತ್ರಗಳ ಜೋಡಣೆ ಮಾತ್ರ ಹಳೇ ಮನೆಯಲ್ಲಿ ಇದ್ದ ಹಾಗೇ ಇದೆ.

ಚಿತ್ರಗಳ ಕೆಳಗೆ ವಿವರದ ಚೀಟಿ ಇಲ್ಲ. ಗೋಡೆ ತುಂಬ ಚಿತ್ರ, ಮಧ್ಯೆಮಧ್ಯೆ ಕಬ್ಬಿಣದ ಬಾಗಿಲುಪಟ್ಟಿ, ಬೀಗದ ತಗಡು, ಸೌಟು, ಬಾಣಲೆ ಹಿಡಿ. ಚಿತ್ರದ ಗೆರೆ ಎತ್ತ ಬಾಗುತ್ತದೋ ಪಕ್ಕದ ಕಬ್ಬಿಣವೂ ಅತ್ತಲೇ ಬಾಗುತ್ತದೆ. ಅಮ್ಮ ಎದ್ದು ಬಂದು ಮೊದಲು ನೋಡಿದ್ದು ಇವನ್ನೇ. "ನಮ್ಮಜ್ಜಿ ಮನೆ ಅಟ್ಟದ ಬಾಗಿಲಿಗೆ ಇಂಥದೇ ಚಿಲಕ ಇತ್ತು ಕಣೇ, ಮಾರಿಬಿಟ್ಟರು" ಅಂದರು. ಆಮೇಲೆ ಚಿಲಕದಿಂದ ಪಕ್ಕದ ಚಿತ್ರಕ್ಕೆ ಕಣ್ಣು ಹೊರಳಿಸಿ ಸುಮಾರು ಹೊತ್ತು ನಿಂತರು. ಬಾರ್ನ್ಸ್ ಬಯಸಿದ್ದು ಇದನ್ನೇ ಅನ್ನಿಸಿತು ನನಗೆ. ಏನೂ ಓದದೆ, ಗೊತ್ತಿರುವ ವಸ್ತುವಿನ ಕೈ ಹಿಡಿದು ಗೊತ್ತಿಲ್ಲದ ಚಿತ್ರದ ಒಳಗೆ ಹೋಗುವುದು.

ರೆನ್ವಾರ್ ಬಗ್ಗೆ ಒಂದು ಮಾತು. ಮೊದಲ ಕೋಣೆಗಳಲ್ಲಿ ಇಷ್ಟವಾಗುತ್ತದೆ. ಆಮೇಲೆ ಗುಲಾಬಿ ಮೈಯ ಸ್ನಾನದ ಹೆಂಗಸರು ಗೋಡೆಗೋಡೆಗೂ ಬಂದು ಸಾಕೆನಿಸುತ್ತದೆ. ಸೆಜಾನ್ ಹಾಗಲ್ಲ. ದೊಡ್ಡ ಕೋಣೆಯಲ್ಲಿ ಅವರ ಇಸ್ಪೀಟು ಆಡುವ ಹಳ್ಳಿಗರ ಚಿತ್ರ ಇದೆ, ಅದರ ಮೇಲೆ ಸೆರಾ ಬರೆದ ಮೂವರು ರೂಪದರ್ಶಿಯರ ಚಿತ್ರ. ಇಸ್ಪೀಟಿನವರ ಮುಖದಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ, ಆಟ ಮಾತ್ರ ಇದೆ. ಎದುರು ಬೆಂಚಿನಲ್ಲಿ ಕೂತರೆ ಏಳಲು ಮನಸ್ಸಾಗುವುದಿಲ್ಲ. ಅದೇ ಕೋಣೆಯ ಕಿಟಕಿಗಳ ಮೇಲಿನ ಕಮಾನುಗಳಲ್ಲಿ ಮತಿಸ್ ಬರೆದ ನೃತ್ಯದ ದೊಡ್ಡ ಚಿತ್ರ. ಅಳತೆ ತಪ್ಪಿದ್ದರಿಂದ ಇಡೀ ಚಿತ್ರವನ್ನು ಅವರು ಮತ್ತೊಮ್ಮೆ ಮೊದಲಿಂದ ಮಾಡಿದರು. 1933ರಲ್ಲಿ ತಾವೇ ಬಂದು ನಿಂತು ಏರಿಸಿದರು. ಪುಟ್ಟಿ ಕೆಳಗೆ ನಿಂತು ಆ ಆಕೃತಿಗಳ ಹಾಗೆ ಕಾಲೆತ್ತಿ ನೋಡಿದಳು. ಕಾವಲಿನವರು ನಕ್ಕರು, ನೆಲದ ಗೆರೆ ದಾಟಬೇಡ ಅಂತ ಬೆರಳು ತೋರಿಸಿದರು.

ಸಂಜೆ ರೀಡಿಂಗ್ ಟರ್ಮಿನಲ್ ಮಾರುಕಟ್ಟೆಗೆ ಹೋದೆವು. 1893ರಿಂದ ಇರುವ ಒಳಾಂಗಣ ಸಂತೆ. ಪೆನ್ಸಿಲ್ವೇನಿಯಾ ಹಳ್ಳಿಗಳ ಅಮಿಶ್ ಜನ, ಹಳೇ ಕಾಲದ ಹಾಗೇ ಬದುಕುವ ಕ್ರೈಸ್ತ ಪಂಗಡದವರು, ಬಂದು ಅಂಗಡಿ ಹಾಕುತ್ತಾರೆ, ಭಾನುವಾರ ಅವರು ಇರುವುದಿಲ್ಲ. ಬಿಳಿ ಟೋಪಿ ಹಾಕಿದ ಹುಡುಗಿಯೊಬ್ಬಳು ಹಿಟ್ಟು ಹೊಸೆದು, ತಿರುಚಿ, ಬೇಯಿಸಿ, ಬೆಣ್ಣೆಯಲ್ಲಿ ಅದ್ದಿ ಪ್ರೆಟ್ಜೆಲ್ ಕೊಟ್ಟಳು. ಮೊಟ್ಟೆ ಇದೆಯಾ ಅಂತ ನಾನು ಕೇಳಿದೆ. ಇಲ್ಲ ಅಂತ ಖಾತ್ರಿಯಾದ ಮೇಲೆ ಅಮ್ಮ ಇನ್ನೊಂದನ್ನೂ ತಿಂದರು.

ಶನಿವಾರ

ಜೈಲಿಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಮಧ್ಯಾಹ್ನದ ಮೇಲೆ ಒಳಗೆ ಧಗೆ. ಫೇರ್‌ಮೌಂಟ್ ಅವೆನ್ಯೂದಲ್ಲಿ ಮನೆ, ಹೋಟೆಲು, ಮರಗಳ ಮಧ್ಯೆ ಇದ್ದಕ್ಕಿದ್ದಂತೆ ಐದು ಆಳೆತ್ತರಕ್ಕೆ ನಿಲ್ಲುವ ಕಲ್ಲಿನ ಗೋಡೆ. ಎರಡೂ ಪಕ್ಕ ಕೋಟೆ ಗೋಪುರ.

ಇಯರ್‌ಫೋನ್ ಕೊಡುತ್ತಾರೆ. ಅದರಲ್ಲಿ ನಟ ಸ್ಟೀವ್ ಬುಶೆಮಿ ದಾರಿ ಹೇಳುತ್ತಾರೆ, ಜೊತೆಗೆ ಹಳೇ ಕೈದಿಗಳ, ಕಾವಲುಗಾರರ ದನಿಗಳೂ ಬರುತ್ತವೆ. 1829ರಲ್ಲಿ ಶುರುವಾದ ಈ ಜೈಲಿನ ವಾಸ್ತುಶಿಲ್ಪಿ ಜಾನ್ ಹ್ಯಾವಿಲ್ಯಾಂಡ್. ನಡುವಿನ ಒಂದು ಜಾಗದಿಂದ ಓಣಿಗಳು ಸುತ್ತ ಎಲ್ಲ ದಿಕ್ಕಿಗೂ ಹೊರಡುತ್ತವೆ. ನಡುವೆ ನಿಂತ ಕಾವಲುಗಾರನಿಗೆ ಎಲ್ಲ ಓಣಿಯೂ ಕಾಣಬೇಕು. ಪ್ರತಿ ಕೈದಿಗೂ ಒಂಟಿ ಕೋಣೆ. ಮೇಲೆ ಚಾವಣಿಯಲ್ಲಿ ಒಂದು ಸಣ್ಣ ಬೆಳಕಿಂಡಿ. ಯಾರ ಜೊತೆಗೂ ಮಾತಿಲ್ಲ. ಕೋಣೆಯಿಂದ ಹೊರಗೆ ಕರೆದೊಯ್ಯುವಾಗ ಮುಖ ಕಾಣದಂತೆ ಮುಸುಕು. ಒಂಟಿಯಾಗಿ ಕೂತರೆ ಮನುಷ್ಯ ತನ್ನ ತಪ್ಪಿಗೆ ಮರುಗುತ್ತಾನೆ ಅಂತ ಕಟ್ಟಿಸಿದವರು ನಂಬಿದ್ದರು. ಒಳ್ಳೆಯ ಮನಸ್ಸಿನಿಂದಲೇ ನಂಬಿದ್ದರು. ಕೋಣೆಯಲ್ಲಿ ನೀರಿನ ಕೊಳವೆ, ಬಿಸಿಗಾಳಿಯ ವ್ಯವಸ್ಥೆ ಎಲ್ಲ ಮಾಡಿದ್ದರು. ಅಮ್ಮ ಒಂದು ಕೋಣೆಯೊಳಗೆ ಹೋಗಿ ನಿಂತು ಕೂಡಲೇ ಹೊರಗೆ ಬಂದರು. "ಮಾತಾಡೋಕೆ ಯಾರೂ ಇಲ್ದಿದ್ರೆ ಪಶ್ಚಾತ್ತಾಪ ಯಾರಿಗೆ ಹೇಳ್ಕೊಳ್ಳೋದು?" ಅಂದರು.

1831ರಲ್ಲಿ ಇಬ್ಬರು ಫ್ರೆಂಚ್ ತರುಣರು ಈ ಓಣಿಗಳಲ್ಲಿ ನಡೆದಿದ್ದರು, ಅಲೆಕ್ಸಿ ದ ತೊಕ್ವಿಲ್ ಮತ್ತು ಗುಸ್ತಾವ್ ದ ಬೊಮೊನ್. ಅಮೆರಿಕದ ಜೈಲುಗಳನ್ನು ನೋಡಿ ಬರಲು ಅವರ ಸರ್ಕಾರ ಕಳಿಸಿತ್ತು. ತೊಕ್ವಿಲ್ ಕೋಣೆಯಿಂದ ಕೋಣೆಗೆ ಹೋಗಿ ಕೈದಿಗಳನ್ನು ಒಬ್ಬೊಬ್ಬರಾಗಿ ಮಾತಾಡಿಸಿದರು. ಅಮೆರಿಕದ ಪ್ರಜಾಪ್ರಭುತ್ವದ ಬಗ್ಗೆ ಇಂದಿಗೂ ಜನ ಎತ್ತಿಹೇಳುವ ಅವರ ಮಾತುಗಳಿಗೆ ಮೂಲವಾದ ಪ್ರವಾಸ ಶುರುವಾದದ್ದೇ ಜೈಲು ನೋಡುವ ನೆಪದಿಂದ. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಬಂದರು. ಈ ಒಂಟಿತನ ಮೈಗೆ ಕೊಡುವ ಯಾವ ಹಿಂಸೆಗಿಂತಲೂ ಕೆಟ್ಟದ್ದು ಅಂತ ಖಂಡಿಸಿದರು. ಆದರೂ ಈ ನಕ್ಷೆ ಜಗತ್ತಿನ ನೂರಾರು ಜೈಲುಗಳಿಗೆ ಮಾದರಿಯಾಯಿತು. ಇಲ್ಲಿ ಬಾಗಿಲು ಮುಚ್ಚಿದ್ದು 1971ರಲ್ಲಿ.

ಹಿಂಬದಿಯ ಬಯಲಿನಲ್ಲಿ 16 ಅಡಿ ಎತ್ತರದ ಉಕ್ಕಿನ ರೇಖಾಚಿತ್ರ ನಿಲ್ಲಿಸಿದ್ದಾರೆ. ಅಮೆರಿಕದಲ್ಲಿ ಜೈಲು ಸೇರಿದವರ ಪ್ರಮಾಣ 1900ರಿಂದ ಹೇಗೆ ಏರಿತು ಎಂಬುದರ ಕಂಬಗಳು. 1970ರವರೆಗೆ ಹೆಚ್ಚುಕಡಿಮೆ ತಗ್ಗು, ಆಮೇಲೆ ಕತ್ತೆತ್ತಿ ನೋಡಬೇಕು. ಅದರ ಬುಡದಲ್ಲಿ ನಿಂತಿದ್ದಾಗ ಗೋಡೆಯ ಆಚೆ ಸಂಜೆಯ ಹಬ್ಬಕ್ಕೆ ಮೈಕ್ ಪರೀಕ್ಷೆ ಮಾಡುತ್ತಿದ್ದ ಅಕಾರ್ಡಿಯನ್ ದನಿ ಕೇಳಿಸಿತು. ಎರಡನ್ನೂ ಒಟ್ಟಿಗೆ ಮನಸ್ಸಿಗೆ ತೆಗೆದುಕೊಳ್ಳಲು ನನಗೆ ಕಷ್ಟವಾಯಿತು.

ಮಧ್ಯಾಹ್ನ ಹೋಟೆಲಿನಲ್ಲಿ ಮಲಗಿ ಎದ್ದು ಮತ್ತೆ ಅದೇ ಬೀದಿಗೆ. ಮೂಲೆಯಲ್ಲಿ ವಾಟರ್ ಐಸ್ ಮಾರುತ್ತಿದ್ದರು. ಹಣ್ಣಿನ ರಸದ ನುಣ್ಣನೆ ಐಸ್, ಈ ಊರಿನ ಬೇಸಿಗೆಯ ತಿನಿಸು. ಮಾವಿನಹಣ್ಣಿನದು ನಾಲಿಗೆಗೆ ಹಿತವಾಗಿತ್ತು. ಅದನ್ನು ತಿನ್ನುತ್ತಾ ಗುಂಪಿನಲ್ಲಿ ಜಾಗ ಹಿಡಿದೆವು. ರಸ್ತೆ ತುಂಬ ಜನ. ತಲೆಗೆ ಬೆರೆ ಟೋಪಿ, ಕೆನ್ನೆಗೆ ನೀಲಿ ಬಿಳಿ ಕೆಂಪು ಬಣ್ಣ, ಕೈಯಲ್ಲಿ ಉದ್ದದ ಬ್ರೆಡ್ಡು. ನಾಯಿಗಳಿಗೂ ಮೂರು ಬಣ್ಣದ ರಿಬ್ಬನ್ನು.

ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿ ಒಬ್ಬರು ವಯಸ್ಸಾದ ಹೆಂಗಸು ಕೂತಿದ್ದರು. ಎರಡು ಬೀದಿ ಆಚೆ ಅವರ ಮನೆ, ಶಾಲೆಯ ಟೀಚರ್ ಆಗಿದ್ದರಂತೆ. ಅಮ್ಮ ನಿಂತಿರುವುದನ್ನು ನೋಡಿ ತಮ್ಮ ಇನ್ನೊಂದು ಕುರ್ಚಿ ಬಿಚ್ಚಿ ಕೊಟ್ಟರು. ಚಿಕ್ಕವರಿದ್ದಾಗ ರಾತ್ರಿ ಕಿಟಕಿಯಿಂದ ಜೈಲಿನ ಗೋಪುರದ ದೀಪ ಕಾಣುತ್ತಿತ್ತಂತೆ. ಜೈಲು ಮುಚ್ಚಿದ ಮೇಲೆ ಒಳಗೆ ಕಾಡು ಬೆಳೆದು, ಬೆಕ್ಕುಗಳು ಸೇರಿಕೊಂಡು, ಹತ್ತಿರ ಹೋಗಲೂ ಹೆದರುತ್ತಿದ್ದರಂತೆ. "ಈ ಹಬ್ಬ ಬಂದ ಮೇಲೆ ನಾವು ಈ ಗೋಡೆ ನೋಡಿ ನಗೋದನ್ನ ಕಲಿತೆವು" ಅಂದರು. ಹಾಗಾದರೆ ಯಾಕೆ ನಿಲ್ಲಿಸುತ್ತಿದ್ದಾರೆ ಅಂತ ಕೇಳಿದೆ. ಹಬ್ಬ ತುಂಬ ದೊಡ್ಡದಾಗಿ ಬೆಳೆಯಿತು, ಮ್ಯೂಸಿಯಂನವರು ಇನ್ನು ಜೈಲು, ಶಿಕ್ಷೆ, ನ್ಯಾಯದ ವಿಷಯಕ್ಕೇ ಶ್ರಮ ಹಾಕುತ್ತಾರೆ ಅಂದರು. ಅವರಿಗೆ ಬೇಜಾರಿತ್ತು, ಆದರೆ ಕೋಪವಿರಲಿಲ್ಲ.

ಆಟ ಶುರುವಾಯಿತು. ಗಡ್ಡದ ಗಾಯಕರೊಬ್ಬರು ಕಪ್ಪು ಉಡುಪಿನಲ್ಲಿ ಫ್ರೆಂಚ್ ಹಾಡು ಹೇಳಿದರು. ರೊಟ್ಟಿ ಇಲ್ಲದ ಬಡವರು ಬಂದೂಕು ಹಿಡಿದು ಕೂಗಿದರು. ಆಗ ಗೋಪುರದ ಮೇಲೆ ಎತ್ತರದ ಬಿಳಿ ವಿಗ್, ಅಗಲ ಗೌನಿನಲ್ಲಿ ರಾಣಿ ಮಾರಿ ಆಂಟ್ವಾನೆಟ್ ಬಂದಳು. ಬ್ರೆಡ್ ಇಲ್ಲದಿದ್ದರೆ ಕೇಕ್ ತಿನ್ನಲಿ ಎಂಬ ಮಾತನ್ನು ಅವಳ ಹೆಸರಿಗೆ ಕಟ್ಟಿದ್ದಾರೆ. ಅವಳು ಹಾಗೆ ಹೇಳಿದ್ದಕ್ಕೆ ಆಧಾರ ಇಲ್ಲ. ಇಲ್ಲಿನ ರಾಣಿ "ಟೇಸ್ಟಿಕೇಕ್ ತಿನ್ನಲಿ" ಅಂತ ಕೂಗಿದಳು. ಟೇಸ್ಟಿಕೇಕ್ ಫಿಲಡೆಲ್ಫಿಯಾದ ಅಂಗಡಿ ಅಂಗಡಿಯಲ್ಲೂ ಸಿಗುವ ಪೊಟ್ಟಣದ ಕೇಕು. ಇಲ್ಲಿನ ಮಕ್ಕಳು ಅದನ್ನು ತಿಂದೇ ಬೆಳೆಯುವುದು. ಕೂಗಿದ್ದೇ ತಡ, ಗೋಪುರದಿಂದ ಕೇಕಿನ ಪೊಟ್ಟಣಗಳು ಸುರಿದವು. ಸಾವಿರಾರು. ದೊಡ್ಡವರು ಮಕ್ಕಳನ್ನು ಹೆಗಲೇರಿಸಿ ಕೈ ಚಾಚಿದರು. ಒಂದು ಪೊಟ್ಟಣ ಅಮ್ಮನ ಮಡಿಲಿಗೇ ಬಂದು ಬಿತ್ತು. ಮೊಟ್ಟೆ ಇರುವ ಕೇಕು, ಅಮ್ಮ ಅದನ್ನು ಪುಟ್ಟಿಗೆ ಕೊಟ್ಟರು. ನಮ್ಮ ಹಿಂದೆ ಇದ್ದ ಹುಡುಗನಿಗೆ ಏನೂ ಸಿಗದೆ ಅಳು ಬಂದಿತ್ತು, ಪುಟ್ಟಿ ಅವನಿಗೆ ಅರ್ಧ ಮುರಿದು ಕೊಟ್ಟಳು.

ಬಾರ್ನ್ಸ್ ಗೋಡೆಯ ಚಿಲಕ ನನಗೆ ನೆನಪಾಗಿದ್ದು ಆಗ. ಈ ಊರು ಫ್ರಾನ್ಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ದೂರದಿಂದ ನೋಡುವುದಿಲ್ಲ. ಪಕ್ಕದಲ್ಲಿ ತನ್ನದೊಂದು ವಸ್ತು ಇಡುತ್ತದೆ, ಸೆಜಾನ್ ಪಕ್ಕ ಕಬ್ಬಿಣದ ಪಟ್ಟಿ, ರಾಣಿಯ ಕೈಯಲ್ಲಿ ಬೀದಿ ಅಂಗಡಿಯ ಕೇಕು. ಪರದೇಶದ ಕಲೆಯನ್ನು ಗೌರವಿಸುವ ಇದಕ್ಕಿಂತ ಒಳ್ಳೆಯ ರೀತಿ ನನಗೆ ಗೊತ್ತಿಲ್ಲ.

ಕೊನೆಗೆ ತೋಪು ಸಿಡಿಯಿತು, ಗುಂಪು ಬಾಗಿಲಿಗೆ ನುಗ್ಗಿತು, ರಾಣಿಯನ್ನು ಗಿಲೊಟಿನ್ನಿಗೆ ಎಳೆದು ತಂದರು. ನಿಜವಾದ ಬ್ಯಾಸ್ಟಿಲ್ ಬಿದ್ದಾಗ ಒಳಗೆ ಇದ್ದದ್ದು ಏಳೇ ಕೈದಿಗಳು. ಅದರ ಬೀಗದ ಕೈಯನ್ನು ಫ್ರೆಂಚ್ ಸೇನಾನಿ ಲಾಫಾಯೆತ್ ಜಾರ್ಜ್ ವಾಷಿಂಗ್ಟನ್‌ಗೆ ಉಡುಗೊರೆ ಕಳಿಸಿದರು, ಈಗಲೂ ಅದು ವರ್ಜೀನಿಯಾದ ಮೌಂಟ್ ವರ್ನನ್‌ನಲ್ಲಿದೆ. ನಮ್ಮ ಮೈಸೂರಿಗೂ ಫ್ರಾನ್ಸಿನ ಅರಮನೆಗೂ ನಂಟಿತ್ತು ಅಂತ ಟೀಚರಮ್ಮನಿಗೆ ಹೇಳಿದೆ. ಬ್ಯಾಸ್ಟಿಲ್ ಬೀಳುವ ಹಿಂದಿನ ವರ್ಷ, 1788ರ ಆಗಸ್ಟ್‌ನಲ್ಲಿ, ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು ವರ್ಸೇಲ್ಸ್‌ನಲ್ಲಿ ದೊರೆ ಹದಿನಾರನೇ ಲೂಯಿಯನ್ನು ಕಂಡಿದ್ದರು. ಬ್ರಿಟಿಷರ ವಿರುದ್ಧ ಸೈನ್ಯ ಕೇಳಲು ಹೋದವರು ಅದು ಸಿಗದೆ ಹಿಂದಿರುಗಿದರು. ಟೀಚರಮ್ಮ ಕುರ್ಚಿಯಿಂದ ಮುಂದೆ ಬಾಗಿ ಕೇಳಿಸಿಕೊಂಡರು. ಶ್ರೀರಂಗಪಟ್ಟಣ ಎಲ್ಲಿ ಬರುತ್ತದೆ ಅಂತ ಫೋನಿನ ನಕ್ಷೆಯಲ್ಲಿ ತೋರಿಸುವಂತೆ ಹೇಳಿದರು.

ಭಾನುವಾರ

ಅವತ್ತು ನಮ್ಮ ಬೆಳಗ್ಗೆ ಹನ್ನೊಂದಕ್ಕೆ ಮಾಸ್ಕೋದಲ್ಲಿ ವಿಶ್ವಕಪ್ ಫುಟ್‌ಬಾಲ್ ಫೈನಲ್, ಫ್ರಾನ್ಸ್ ಮತ್ತು ಕ್ರೊಯೇಷಿಯಾ. ನಮ್ಮವರು ಇದಕ್ಕೇ ಕಾದಿದ್ದರು. ಹೋಟೆಲಿನ ಕೆಳಗಿನ ಕೆಫೆಯಲ್ಲಿ ಟಿವಿ ಇತ್ತು. ಹಿಂದಿನ ಸಂಜೆ ಬೀದಿಯಲ್ಲಿ ಕಂಡಿದ್ದ ಒಂದು ಫ್ರೆಂಚ್ ಕುಟುಂಬವೂ ಅಲ್ಲಿತ್ತು. ತೋಪಿನ ಸದ್ದಿಗಿಂತ ಇಲ್ಲಿನ ಸದ್ದೇ ಜಾಸ್ತಿ. ಹತ್ತೊಂಬತ್ತು ವರ್ಷದ ಎಂಬಾಪೆ ಗೋಲು ಹೊಡೆದಾಗ ಆ ಮನೆಯ ಅಪ್ಪ ನಮ್ಮವರನ್ನು ಅಪ್ಪಿಕೊಂಡುಬಿಟ್ಟರು. 4-2ರಲ್ಲಿ ಗೆದ್ದರು. ರಸ್ತೆಯಲ್ಲಿ ಕಾರುಗಳ ಹಾರ್ನು ಒಂದು ಗಂಟೆ ನಿಲ್ಲಲಿಲ್ಲ.

ಆಮೇಲೆ ಫ್ರೆಂಚ್ ಶಿಲ್ಪಿ ರೊದ್ಯಾ ಹೆಸರಿನ ಮ್ಯೂಸಿಯಂ. ಚಿತ್ರಮಂದಿರಗಳ ಒಡೆಯ ಜೂಲ್ಸ್ ಮಾಸ್ಟ್‌ಬಾಮ್ 1923ರಲ್ಲಿ ರೊದ್ಯಾ ಶಿಲ್ಪಗಳನ್ನು ಕೊಳ್ಳಲು ಶುರುಮಾಡಿ, ಊರಿಗೆ ಕೊಡಲು ಮ್ಯೂಸಿಯಂ ಯೋಜಿಸಿದರು. ಕಟ್ಟಡದ ಕೆಲಸ ಕೊಟ್ಟದ್ದು ಅದೇ ಕ್ರೆ ಮತ್ತು ಗ್ರೆಬೆ ಜೋಡಿಗೆ. 1929ರಲ್ಲಿ ಬಾಗಿಲು ತೆರೆದಾಗ ಮಾಸ್ಟ್‌ಬಾಮ್ ಬದುಕಿರಲಿಲ್ಲ. ದೊಡ್ಡ ಕಲಾ ಮ್ಯೂಸಿಯಂನ ಟಿಕೆಟ್ ಎರಡು ದಿನ ನಡೆಯುತ್ತದೆ, ಅದರಲ್ಲೇ ಇದನ್ನೂ ನೋಡಬಹುದು.

ಹೊರಗಿನ ಜಲ್ಲಿಕಲ್ಲಿನ ದಾರಿಯಲ್ಲಿ ಅಮ್ಮನ ಚಪ್ಪಲಿಯ ಬಾರು ಕಿತ್ತುಹೋಯಿತು. ಕಲ್ಲು ಕೆಂಡದ ಹಾಗೆ ಕಾದಿತ್ತು. ಬಾಗಿಲಲ್ಲಿದ್ದ ಕಾವಲಿನವರು ಒಳಗೆ ಹೋಗಿ ದಪ್ಪ ಟೇಪ್ ತಂದರು, ಮಂಡಿಯೂರಿ ಕೂತು ತಾವೇ ಸುತ್ತಿದರು. ಅಮ್ಮ ಬೇಡ ಬೇಡ ಅಂತ ಕಾಲು ಹಿಂದೆಗೆಯುತ್ತಿದ್ದರು, ಅವರು ಬಿಡಲಿಲ್ಲ. ಆ ಟೇಪ್ ಎಡಿಸನ್‌ವರೆಗೂ ಬಂತು.

ಮ್ಯೂಸಿಯಂನ ಮುಂಬಾಗಿಲ ಪಕ್ಕದಲ್ಲಿ ನರಕದ ದ್ವಾರ. 1880ರಿಂದ ಸಾಯುವವರೆಗೆ ರೊದ್ಯಾ ಇದನ್ನು ತಿದ್ದುತ್ತಲೇ ಇದ್ದರು. 1917ರಲ್ಲಿ ತೀರಿಕೊಂಡಾಗ ಕಂಚಿನಲ್ಲಿ ಅದನ್ನು ಅವರು ನೋಡಿರಲಿಲ್ಲ. ಕಂಚಿನ ಮೊದಲ ಎರಕಕ್ಕೆ ಹಣ ಕೊಟ್ಟವರು ಮಾಸ್ಟ್‌ಬಾಮ್. 180ಕ್ಕೂ ಹೆಚ್ಚು ಆಕೃತಿಗಳು ಅದರಲ್ಲಿ ಬೀಳುತ್ತವೆ, ಹತ್ತುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾಲೆ ಊರಿನ ಆರು ಜನರ ಶಿಲ್ಪ ಇನ್ನೂ ಹೆಚ್ಚು ಹಿಡಿಯಿತು ನನ್ನನ್ನು. 1347ರಲ್ಲಿ ಮುತ್ತಿಗೆಯಲ್ಲಿ ಹಸಿದ ಊರನ್ನು ಉಳಿಸಲು ಕೊರಳಿಗೆ ಹಗ್ಗ ಹಾಕಿಕೊಂಡು ಇಂಗ್ಲೆಂಡಿನ ದೊರೆಯ ಮುಂದೆ ಹೊರಟವರು. ಒಬ್ಬೊಬ್ಬರ ಭಯವೂ ಬೇರೆ ಬೇರೆ. "ಅವರ ಕೈಯಲ್ಲಿ ಏನಮ್ಮ?" ಅಂದಳು ಪುಟ್ಟಿ. ಊರ ಬಾಗಿಲಿನ ಕೀಲಿ ಅಂದೆ. ನಿನ್ನೆ ಜೈಲಿನಲ್ಲಿ ನೋಡಿದ ಕೀಲಿಗಿಂತ ದೊಡ್ಡದು ಅಂದಳು.

ಕೊನೆಗೆ ಕಲಾ ಮ್ಯೂಸಿಯಂನ ದೊಡ್ಡ ಮೆಟ್ಟಿಲು. ಜನ ಸಿನಿಮಾದ ಬಾಕ್ಸರ್ ಹಾಗೆ ಓಡಿ ಹತ್ತುತ್ತಿದ್ದರು. ಅಮ್ಮನನ್ನು ಹಿಂಬದಿಯ ಬಾಗಿಲಿನಿಂದ ಲಿಫ್ಟಿನಲ್ಲಿ ಕರೆದೊಯ್ದೆವು, ವಯಸ್ಸಾದವರಿದ್ದರೆ ಅದೇ ಒಳ್ಳೇದು. ಸೆಜಾನ್ ಬರೆದ ಸ್ನಾನದ ಹೆಂಗಸರ ದೊಡ್ಡ ಚಿತ್ರವನ್ನು ನೋಡಿ ಮುಂದೆ ಹೋದರೆ ಭಾರತದ ವಿಭಾಗ. ಅಲ್ಲಿ ಮದುರೆಯ ಒಂದು ಇಡೀ ಕಲ್ಲಿನ ಮಂಟಪ ನಿಂತಿದೆ, ಸುಮಾರು 1560ರದ್ದು. ಅಮ್ಮ ಕೈ ಜೋಡಿಸಿ, ಟೇಪ್ ಸುತ್ತಿದ ಚಪ್ಪಲಿ ಬಿಡಬೇಕಾ ಅಂತ ಕೇಳಿದರು.

ಈ ಕಂಬಗಳನ್ನು 1912ರಲ್ಲಿ ಮದುರೆಗೆ ಹೋಗಿದ್ದ ಅಡೆಲಿನ್ ಪೆಪ್ಪರ್ ಗಿಬ್ಸನ್ ಎಂಬ ಫಿಲಡೆಲ್ಫಿಯಾದ ಹೆಂಗಸು ಕೊಂಡು ಹಡಗಿನಲ್ಲಿ ತರಿಸಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಅವರು ಫ್ರಾನ್ಸಿನ ಸೈನಿಕ ಆಸ್ಪತ್ರೆಯಲ್ಲಿ ಸೇವೆಗೆ ಹೋಗಿ ಅಲ್ಲೇ ತೀರಿಕೊಂಡರು. ಮನೆಯವರು 1919ರಲ್ಲಿ ಅವರ ನೆನಪಿಗೆ ಈ ಕಲ್ಲುಗಳನ್ನು ಮ್ಯೂಸಿಯಂಗೆ ಕೊಟ್ಟರು. ಅಮ್ಮ ಒಂದೊಂದು ಕಂಬದ ಮುಂದೂ ನಿಂತು ಪುಟ್ಟಿಗೆ ಹೇಳುತ್ತಾ ಹೋದರು, ಇವನು ಹನುಮಂತ, ಇದು ಗರುಡ. ಅಲ್ಲಿದ್ದ ಒಬ್ಬ ಕಾಲೇಜು ಹುಡುಗ, ಕೆನ್ನೆಯಲ್ಲಿ ಇನ್ನೂ ಫ್ರೆಂಚ್ ಬಾವುಟದ ಬಣ್ಣ, ನಾನೂ ಕೇಳಬಹುದಾ ಅಂದ. ನಾನು ಇಂಗ್ಲಿಷಿಗೆ ಹೇಳುತ್ತಾ ಹೋದೆ. ಮುಚ್ಚುವ ಗಂಟೆ ಹೊಡೆದಾಗ ಇನ್ನೂ ಅರ್ಧ ಕಂಬಗಳು ಉಳಿದಿದ್ದವು.